ವ್ಯಾಪಾರಿ ಹೆಸರಿನ ನಕ್ಷೆ, ಆಫ್ರಿಕಾದ ಅಳತೆ

ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿ.ಮೀ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರೂ ಸೇರಿದ ಗ್ರೇಟ್ ಬ್ರಿಟನ್ ದ್ವೀಪದ್ದು ಸುಮಾರು 2,09,000. ರೂಪಾಯಿಗೆ ಒಂಬತ್ತು ಪೈಸೆಯಷ್ಟು ಅವರದು ಜಾಸ್ತಿ, ಅಷ್ಟೇ. ಆದರೆ ಶಾಲೆಯ ಗೋಡೆಯ ಮೇಲಿದ್ದ ಹಳೇ ಪ್ರಪಂಚ ಭೂಪಟ ನೆನಪಿಸಿಕೊಳ್ಳಿ. ಅದರಲ್ಲಿ ಬ್ರಿಟನ್ ಹೆಚ್ಚುಕಡಿಮೆ ಮೂರು ಕರ್ನಾಟಕದಷ್ಟು ದೊಡ್ಡದಾಗಿ ಕೂತಿರುತ್ತದೆ.

ನಮ್ಮ ಶಾಲೆಯಲ್ಲಿ ಆ ಭೂಪಟವನ್ನು ಸುರುಳಿ ಸುತ್ತಿ ಆಫೀಸ್ ರೂಮಿನ ಮೂಲೆಯಲ್ಲಿ ನಿಲ್ಲಿಸಿರುತ್ತಿದ್ದರು. ಸಮಾಜ ಪಿರಿಯಡ್ ಬಂದಾಗ ಅದನ್ನು ಹೊತ್ತು ತರುವ ಕೆಲಸ ನನ್ನದು. ಮೊಳೆಗೆ ನೇತುಹಾಕಿ ಬಿಚ್ಚಿದರೆ ಮೊದಲು ಕಾಣುತ್ತಿದ್ದದ್ದು ಮೇಲಿನ ಗ್ರೀನ್‌ಲ್ಯಾಂಡ್. ಆಫ್ರಿಕಾದಷ್ಟೇ ದೊಡ್ಡದು. ಆಸ್ಟ್ರೇಲಿಯಾ ಅದರ ಮುಂದೆ ಪುಟ್ಟ ಮರಿಯ ಹಾಗೆ. "ಸಾರ್, ಆಸ್ಟ್ರೇಲಿಯಾ ಖಂಡ ಅಂತೀರಿ, ಅದಕ್ಕಿಂತ ದೊಡ್ಡದಿರೋ ಗ್ರೀನ್‌ಲ್ಯಾಂಡ್ ಹೇಗೆ ದ್ವೀಪ ಆಗತ್ತೆ?" ಅಂತ ಕೇಳಿದ್ದೆ. "ಪುಸ್ತಕದಲ್ಲಿ ಹಾಗಿದೆ, ಬರ್ಕೋ" ಅನ್ನೋ ಉತ್ತರ ಬಂತು. ಬರೆದುಕೊಂಡೆ. ಆಸ್ಟ್ರೇಲಿಯಾ ಗ್ರೀನ್‌ಲ್ಯಾಂಡಿನ ಮೂರೂವರೆ ಪಟ್ಟು ದೊಡ್ಡದು ಅಂತ ಗೊತ್ತಾಗೋಕೆ ಎಷ್ಟೋ ವರ್ಷ ಬೇಕಾಯಿತು.

ಆ ಪ್ರಶ್ನೆ ಈಗ ಅಂತಾರಾಷ್ಟ್ರೀಯ ವೇದಿಕೆಗೆ ಬಂದಿದೆ. 2025ರ ಆಗಸ್ಟ್‌ನಲ್ಲಿ ಆಫ್ರಿಕನ್ ಒಕ್ಕೂಟ ಒಂದು ಅಭಿಯಾನಕ್ಕೆ ಬೆಂಬಲ ಕೊಟ್ಟಿತು. ಅಭಿಯಾನದ ಹೆಸರು 'ಕರೆಕ್ಟ್ ದಿ ಮ್ಯಾಪ್', ಅಂದರೆ ನಕ್ಷೆ ಸರಿಮಾಡಿ. ಅದನ್ನು ನಡೆಸುತ್ತಿರುವುದು ಆಫ್ರಿಕಾ ನೋ ಫಿಲ್ಟರ್ ಮತ್ತು ಸ್ಪೀಕ್ ಅಪ್ ಆಫ್ರಿಕಾ ಎಂಬ ಸಂಸ್ಥೆಗಳು. ಶಾಲೆಗಳು, ಸರ್ಕಾರಗಳು, ಅಂತಾರಾಷ್ಟ್ರೀಯ ಸಂಸ್ಥೆಗಳು ಮರ್ಕೇಟರ್ ನಕ್ಷೆ, ಅಂದರೆ ನಮ್ಮ ಶಾಲೆಯ ಗೋಡೆಯಲ್ಲಿದ್ದಂಥದ್ದನ್ನು ಬಿಟ್ಟು, ವಿಸ್ತೀರ್ಣವನ್ನು ಸರಿಯಾಗಿ ತೋರಿಸುವ 'ಈಕ್ವಲ್ ಅರ್ಥ್' ನಕ್ಷೆ ಬಳಸಬೇಕು ಅನ್ನುವುದು ಅವರ ಬೇಡಿಕೆ. ನೂರು ಕೋಟಿಗೂ ಮೀರಿ ಜನ ಇರುವ, ವಿಸ್ತೀರ್ಣದಲ್ಲಿ ಪ್ರಪಂಚದ ಎರಡನೇ ದೊಡ್ಡ ಖಂಡ ಯಾವುದೋ ಅಂಚಿನಲ್ಲಿದೆ ಎಂಬ ತಪ್ಪು ಭಾವನೆಯನ್ನು ಈ ನಕ್ಷೆ ಹುಟ್ಟಿಸಿದೆ ಅಂತ ಒಕ್ಕೂಟದ ಆಯೋಗದ ಉಪಾಧ್ಯಕ್ಷೆ ಸೆಲ್ಮಾ ಮಲಿಕಾ ಹದ್ದಾದಿ ಹೇಳಿದರು.

ಈ ಬೇಡಿಕೆ ನ್ಯಾಯವಾದದ್ದು ಅಂತ ನನಗೆ ಅನ್ನಿಸುತ್ತದೆ. ಆದರೆ ಇದರ ಸುತ್ತ ಒಂದು ಕಥೆಯೂ ಓಡಾಡುತ್ತಿದೆ. ಲ್ಯಾಟಿನ್‌ನಲ್ಲಿ ಮರ್ಕೇಟರ್ ಅಂದರೆ ವ್ಯಾಪಾರಿ. ಹಾಗಾಗಿ ಇದು ವ್ಯಾಪಾರಿಗಳು, ವಸಾಹತುಗಾರರು ತಮ್ಮನ್ನು ದೊಡ್ಡದು ಮಾಡಿಕೊಳ್ಳೋಕೆ ಬರೆಸಿದ ನಕ್ಷೆ ಅನ್ನುತ್ತಾರೆ. ಪದದ ಅರ್ಥ ನಿಜ. ಉಳಿದದ್ದು ಹಾಗಲ್ಲ.

ಲ್ಯಾಟಿನ್‌ನಲ್ಲಿ 'ಮೆರ್ಕ್ಸ್' ಅಂದರೆ ಸರಕು. ಸರಕು ಕೊಂಡು ಮಾರುವವನು 'ಮೆರ್ಕಾತೊರ್'. ಇಂಗ್ಲಿಷಿನ ಮರ್ಚೆಂಟ್, ಕಾಮರ್ಸ್, ಮಾರ್ಕೆಟ್ ಎಲ್ಲವೂ ಅದೇ ಬೇರಿನವು. ನಮ್ಮ ಮಾರುಕಟ್ಟೆ ಕಿವಿಗೆ ಮಾರ್ಕೆಟ್‌ನ ತಮ್ಮನ ಹಾಗೆ ಕೇಳುತ್ತದೆ, ಆದರೆ 'ಮಾರು' ಅನ್ನುವ ಮಾತು ನಮ್ಮದೇ.

ನಕ್ಷೆ ಬರೆದವನು 1512ರ ಮಾರ್ಚ್ 5ರಂದು, ಈಗಿನ ಬೆಲ್ಜಿಯಂಗೆ ಸೇರಿದ ರುಪೆಲ್‌ಮೊಂಡೆ ಎಂಬ ಊರಲ್ಲಿ ಹುಟ್ಟಿದ. ಅಪ್ಪ ಚಪ್ಪಲಿ ಹೊಲಿಯುವವನು. ಮನೆಯ ಹೆಸರು ಕ್ರೆಮರ್. ಅವರ ಭಾಷೆಯಲ್ಲಿ ಅದರ ಅರ್ಥ ಸಣ್ಣ ಅಂಗಡಿಯವನು, ಚಿಲ್ಲರೆ ವ್ಯಾಪಾರಿ ಅಂತ. ಆ ಕಾಲದಲ್ಲಿ ಓದಿದವರು ಮನೆಯ ಹೆಸರನ್ನು ಲ್ಯಾಟಿನ್‌ಗೆ ತಿರುಗಿಸಿಕೊಳ್ಳುವುದು ರೂಢಿ. ಬೌರ್, ಅಂದರೆ ರೈತ, ಅಗ್ರಿಕೊಲಾ ಆದ. ಗೆರಾರ್ಡ್ ಕ್ರೆಮರ್ 1530ರಲ್ಲಿ ಲೂವೆನ್ ವಿಶ್ವವಿದ್ಯಾಲಯ ಸೇರಿದಾಗ ಗೆರಾರ್ಡಸ್ ಮರ್ಕೇಟರ್ ಆದ. ಹೆಸರಿನಲ್ಲಿರುವ ವ್ಯಾಪಾರ ಅಷ್ಟೇ. ಚಮ್ಮಾರನ ಮಗ ಕಾಲೇಜಿನ ರಿಜಿಸ್ಟರಿನಲ್ಲಿ ಬರೆಸಿದ ಮನೆಯ ಹೆಸರು ಅದು.

ಅವನು ಸಮುದ್ರಯಾನ ಮಾಡಿದ ನಾವಿಕನೂ ಅಲ್ಲ. ತಾಮ್ರದ ತಗಡಿನ ಮೇಲೆ ಉಳಿಯಿಂದ ಅಕ್ಷರ ಕೆತ್ತುವುದರಲ್ಲಿ ಅವನ ಕೈ ಪಳಗಿತ್ತು. ಗ್ಲೋಬ್ ಮಾಡುತ್ತಿದ್ದ, ಅಳತೆಯ ಉಪಕರಣ ಮಾಡುತ್ತಿದ್ದ. 1544ರಲ್ಲಿ ಧರ್ಮದ್ರೋಹದ ಆರೋಪ ಬಂದು ಸುಮಾರು ಏಳು ತಿಂಗಳು ಸೆರೆಯಲ್ಲಿದ್ದ. 1552ರಲ್ಲಿ ಊರು ಬಿಟ್ಟು ಜರ್ಮನಿಯ ಡ್ಯೂಸ್‌ಬರ್ಗ್‌ಗೆ ಹೋಗಿ ನೆಲೆಸಿದ. ಅಲ್ಲಿ 1569ರಲ್ಲಿ, 57ನೇ ವಯಸ್ಸಿನಲ್ಲಿ, 18 ಹಾಳೆ ಜೋಡಿಸಿದ ದೊಡ್ಡ ಪ್ರಪಂಚ ನಕ್ಷೆ ಹೊರತಂದ. ಎರಡು ಮೀಟರ್ ಅಗಲ, ಒಂದೂಕಾಲು ಮೀಟರ್ ಎತ್ತರ. ಅದರ ಉದ್ದನೆಯ ಲ್ಯಾಟಿನ್ ಹೆಸರಿನ ಕೊನೆಯ ಭಾಗದ ಅರ್ಥ "ಹಡಗು ನಡೆಸುವವರ ಉಪಯೋಗಕ್ಕಾಗಿ ತಿದ್ದಿ ಹೊಂದಿಸಿದ್ದು" ಅಂತ. ಯಾರಿಗಾಗಿ ಬರೆದೆ ಅಂತ ಅವನು ತಲೆಬರಹದಲ್ಲೇ ಹೇಳಿಬಿಟ್ಟಿದ್ದಾನೆ.

ಹಡಗಿನವರಿಗೆ ಆಗ ಇದ್ದ ಕಷ್ಟ ಏನು? ಅದು ಗೊತ್ತಾಗಲು ಒಂದು ಚಕ್ಕೋತ ಹಣ್ಣು ಸಾಕು. ದೇವನಹಳ್ಳಿ ಚಕ್ಕೋತ ಸಿಕ್ಕರೆ ಇನ್ನೂ ಒಳ್ಳೆಯದು, ಸಿಪ್ಪೆ ದಪ್ಪ, ತೊಳೆ ಸಿಹಿ. ಬಿಡಿಸುವ ಮುಂಚೆ ಸಿಪ್ಪೆಯ ಮೇಲೆ ಪೆನ್ನಿನಲ್ಲಿ ನಡುವೆ ಒಂದು ಸುತ್ತು ಗೆರೆ ಎಳೆಯಿರಿ, ಅದು ಸಮಭಾಜಕ ವೃತ್ತ. ತೊಟ್ಟಿನ ಕಡೆ ಒಂದೆರಡು ಸಣ್ಣ ಸುತ್ತು ಎಳೆಯಿರಿ. ತೊಟ್ಟಿನಿಂದ ಬುಡಕ್ಕೆ ಉದ್ದ ಗೆರೆಗಳನ್ನೂ ಹಾಕಿ. ಈಗ ಉದ್ದ ಗೆರೆಗಳಗುಂಟ ಚಾಕು ಹಾಕಿ ಸಿಪ್ಪೆ ಬಿಡಿಸಿ, ಮೇಜಿನ ಮೇಲೆ ಒತ್ತಿ. ನಡುವೆ ಮಾತ್ರ ಸಿಪ್ಪೆಗಳು ಒಂದಕ್ಕೊಂದು ಕೂಡುತ್ತವೆ. ಮೇಲೆ ಹೋದಂತೆ ಸಂದು ಅಗಲವಾಗುತ್ತದೆ, ತೊಟ್ಟಿನ ಹತ್ತಿರ ಹೋದರೆ ಬರೀ ಚೂಪು ತುದಿಗಳು. ಸಂದು ಮುಚ್ಚಬೇಕಾದರೆ ಸಿಪ್ಪೆಯನ್ನು ಅಕ್ಕಪಕ್ಕಕ್ಕೆ ಎಳೆಯಬೇಕು. ಎಳೆದರೆ ಆಕಾರ ಕೆಡುತ್ತದೆ. ಗುಂಡಗಿರುವುದನ್ನು ಚಪ್ಪಟೆ ಮಾಡುವಾಗ ಏನಾದರೂ ಒಂದು ಕೆಡಲೇಬೇಕು. ಯಾವುದನ್ನು ಕೆಡಿಸೋದು, ಯಾವುದನ್ನು ಉಳಿಸೋದು ಅನ್ನುವುದಷ್ಟೇ ನಕ್ಷೆ ಬರೆಯುವವನ ಕೈಲಿರುವುದು.

ಮರ್ಕೇಟರ್ ಉಳಿಸಿಕೊಂಡದ್ದು ದಿಕ್ಕನ್ನು. 60 ಡಿಗ್ರಿ ಅಕ್ಷಾಂಶದಲ್ಲಿ ಭೂಮಿಯ ಸುತ್ತಳತೆ ಸಮಭಾಜಕದ ಸುತ್ತಳತೆಯ ಅರ್ಧ. ಆಯತಾಕಾರದ ನಕ್ಷೆಯಲ್ಲಿ ಎರಡೂ ಒಂದೇ ಉದ್ದದ ಗೆರೆಗಳು. ಅಂದರೆ ಅಲ್ಲಿ ನೆಲ ಪೂರ್ವ–ಪಶ್ಚಿಮವಾಗಿ ಎರಡು ಪಟ್ಟು ಹಿಗ್ಗಿದೆ. ಹಾಗಾದರೆ ಉತ್ತರ–ದಕ್ಷಿಣವಾಗಿಯೂ ಎರಡು ಪಟ್ಟು ಹಿಗ್ಗಿಸಿಬಿಡೋಣ, ಆಗ ಕೋನ ಕೆಡುವುದಿಲ್ಲ ಅನ್ನುವುದು ಅವನ ಉಪಾಯ. ಅದನ್ನು ನಕ್ಷೆಯ ಮೇಲೇ ಬರೆದಿದ್ದಾನೆ. ಇದರಿಂದ ನಾವಿಕನಿಗೆ ಆದ ಲಾಭ ದೊಡ್ಡದು. ಹೊರಡುವ ಬಂದರಿನಿಂದ ಸೇರುವ ಬಂದರಿಗೆ ಸ್ಕೇಲ್ ಇಟ್ಟು ನೇರ ಗೆರೆ ಎಳೆಯೋದು, ಆ ಗೆರೆಯ ಕೋನ ನೋಡೋದು, ದಿಕ್ಸೂಚಿಯಲ್ಲಿ ಅದೇ ಕೋನ ಹಿಡಿದುಕೊಂಡು ಸಾಗೋದು. ಅದಕ್ಕೆ ತೆತ್ತ ಬೆಲೆ ವಿಸ್ತೀರ್ಣ. ಎರಡು ಪಟ್ಟು ಅಗಲ, ಎರಡು ಪಟ್ಟು ಎತ್ತರ, ಅಂದರೆ 60 ಡಿಗ್ರಿಯಲ್ಲಿ ನೆಲ ನಾಲ್ಕು ಪಟ್ಟು. 80 ಡಿಗ್ರಿಯಲ್ಲಿ 33 ಪಟ್ಟು. ಧ್ರುವದಲ್ಲಿ ಕೊನೆಯೇ ಇಲ್ಲ, ಅದನ್ನು ಈ ನಕ್ಷೆಯಲ್ಲಿ ತೋರಿಸೋಕೇ ಆಗುವುದಿಲ್ಲ. ಮರ್ಕೇಟರ್‌ಗೆ ಅದು ಗೊತ್ತಿತ್ತು. ಅದಕ್ಕೇ ಉತ್ತರ ಧ್ರುವದ ಪುಟ್ಟ ನಕ್ಷೆಯೊಂದನ್ನು ಬೇರೆ ರೀತಿಯಲ್ಲಿ ಬರೆದು ಕೆಳಗಿನ ಮೂಲೆಯಲ್ಲಿ ಸೇರಿಸಿದ.

ಎಷ್ಟು ಹಿಗ್ಗಿಸಬೇಕು ಅನ್ನುವ ಲೆಕ್ಕದ ವಿಧಾನವನ್ನು ಮಾತ್ರ ಅವನು ಬಿಟ್ಟುಕೊಡಲಿಲ್ಲ. ಆ ಲೆಕ್ಕದ ಕೋಷ್ಟಕವನ್ನು 1599ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ರೈಟ್ ಪ್ರಕಟಿಸಿದ. ಅಷ್ಟರಲ್ಲಿ ಮರ್ಕೇಟರ್ ತೀರಿಕೊಂಡು ಐದು ವರ್ಷವಾಗಿತ್ತು. ನಕ್ಷೆ ಹಡಗುಗಳಲ್ಲಿ ಪೂರ್ತಿ ಬೇರೂರಿದ್ದು 18ನೇ ಶತಮಾನದಲ್ಲಿ, ಸಮುದ್ರದ ಮೇಲೆ ರೇಖಾಂಶ ಅಳೆಯುವ ಗಡಿಯಾರ ಬಂದ ಮೇಲೆ.

ಅಲ್ಲಿವರೆಗೂ ತಪ್ಪೇನೂ ಆಗಿರಲಿಲ್ಲ. ತಪ್ಪಾದದ್ದು ಹಡಗಿನ ಮೇಜಿನ ಮೇಲಿರಬೇಕಾದದ್ದು ಶಾಲೆಯ ಗೋಡೆಗೆ ಬಂದಾಗ. ಅಚ್ಚಿನವರಿಗೆ ಆಯತಾಕಾರದ ನಕ್ಷೆ ಸುಲಭ. ಬ್ರಿಟಿಷ್ ಸಾಮ್ರಾಜ್ಯದ ಕಾಲದಲ್ಲಿ ಅದು ನೋಡೋಕೂ ಭರ್ಜರಿ. ಕೆನಡಾ ಉಬ್ಬಿಕೊಂಡು ಸಾಮ್ರಾಜ್ಯದ ಗುಲಾಬಿ ಬಣ್ಣ ಮೇಲಿನಿಂದ ಕೆಳಗಿನವರೆಗೆ ಹರಡಿಕೊಳ್ಳುತ್ತಿತ್ತು. ಯಾರೋ ಒಬ್ಬರು ಕೂತು ಸಂಚು ಮಾಡಿದರು ಅಂತ ನಾನು ಹೇಳಲಾರೆ. ಆದರೆ ದೊಡ್ಡದಾಗಿ ಕಾಣುತ್ತಿದ್ದವರಿಗೆ ಅದನ್ನು ಬದಲಿಸುವ ಅವಸರವೂ ಇರಲಿಲ್ಲ. ಸಣ್ಣದಾಗಿ ಕಂಡವರಿಗೆ ಕೇಳುವ ಅಧಿಕಾರ ಇರಲಿಲ್ಲ.

ನಿಜವಾಗಿ ನೋಡಿದರೆ ಮರ್ಕೇಟರ್ ನಕ್ಷೆ ಆಫ್ರಿಕಾವನ್ನು ಕುಗ್ಗಿಸುವುದಿಲ್ಲ. ಸಮಭಾಜಕ ವೃತ್ತ ಆ ಖಂಡದ ನಡುವೆಯೇ ಹಾದುಹೋಗುತ್ತದೆ, ಹಾಗಾಗಿ ಅದು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಬೇರೆಯವರು ಉಬ್ಬುತ್ತಾರೆ. ನಮ್ಮ ಭಾರತದ ಪಾಡೂ ಅದೇ. ಆಫ್ರಿಕಾ ಸುಮಾರು 3 ಕೋಟಿ ಚದರ ಕಿ.ಮೀ. ಅದರೊಳಗೆ ಅಮೆರಿಕ ಸಂಯುಕ್ತ ಸಂಸ್ಥಾನ, ಚೀನಾ, ಭಾರತ ಮೂರನ್ನೂ ಇಟ್ಟ ಮೇಲೂ ಎರಡು ಭಾರತದಷ್ಟು ಜಾಗ ಉಳಿಯುತ್ತದೆ. ಗ್ರೀನ್‌ಲ್ಯಾಂಡ್ ಸುಮಾರು 21 ಲಕ್ಷದ 66 ಸಾವಿರ ಚದರ ಕಿ.ಮೀ. ಅಂಥ ಹದಿನಾಲ್ಕು ಸೇರಿದರೆ ಒಂದು ಆಫ್ರಿಕಾ. ಅಷ್ಟು ಯಾಕೆ, ಆಫ್ರಿಕಾದ ಒಂದೊಂದೇ ದೇಶಗಳಾದ ಅಲ್ಜೀರಿಯಾ, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ ಎರಡೂ ಗ್ರೀನ್‌ಲ್ಯಾಂಡಿಗಿಂತ ದೊಡ್ಡವು. ನಮ್ಮ ದೇಶದ ಮೂರನೇ ಎರಡು ಭಾಗ ಗ್ರೀನ್‌ಲ್ಯಾಂಡ್. 2019ರಲ್ಲಿ, ಮತ್ತೆ 2025ರಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಗ್ರೀನ್‌ಲ್ಯಾಂಡ್ ತಮಗೆ ಬೇಕು ಅಂದಾಗ, ಎಷ್ಟೋ ಟಿವಿ ನೋಡುಗರ ಕಣ್ಣ ಮುಂದೆ ಬಂದದ್ದು ಈ ಊದಿಕೊಂಡ ಗ್ರೀನ್‌ಲ್ಯಾಂಡೇ ಇರಬೇಕು.

ಇದನ್ನು ಸರಿಮಾಡುವ ಪ್ರಯತ್ನ ಹೊಸದಲ್ಲ. 1973ರಲ್ಲಿ ಜರ್ಮನಿಯ ಆರ್ನೋ ಪೀಟರ್ಸ್ ಒಂದು ಸಮವಿಸ್ತೀರ್ಣ ನಕ್ಷೆ ತೋರಿಸಿ, ಮರ್ಕೇಟರ್ ನಕ್ಷೆ ಬಡ ದೇಶಗಳಿಗೆ ಮಾಡಿದ ಅನ್ಯಾಯ ಅಂತ ದೊಡ್ಡ ದನಿಯಲ್ಲಿ ಹೇಳಿದರು. ಅದೇ ಬಗೆಯ ನಕ್ಷೆಯನ್ನು ಸ್ಕಾಟ್ಲೆಂಡಿನ ಜೇಮ್ಸ್ ಗಾಲ್ 1855ರಲ್ಲೇ ಮಾಡಿದ್ದರು. ಚರ್ಚುಗಳು, ಸಮಾಜಸೇವೆಯ ಸಂಸ್ಥೆಗಳು ಪೀಟರ್ಸ್ ನಕ್ಷೆಯನ್ನು ಕೈಗೆತ್ತಿಕೊಂಡವು. ನಕ್ಷೆ ಬರೆಯುವವರು ಸಿಟ್ಟಾದರು. ಯಾಕೆಂದರೆ ಅದರಲ್ಲಿ ಅಳತೆ ಸರಿ, ಆಕಾರ ಕೆಟ್ಟುಹೋಗಿತ್ತು. ಸಮಭಾಜಕದ ಹತ್ತಿರದ ನೆಲವೆಲ್ಲ ಅಗಲಕ್ಕೆ ಹೋಲಿಸಿದರೆ ಎರಡು ಪಟ್ಟು ಉದ್ದ. ಆಫ್ರಿಕಾ ಹಿಂಡಿ ತಂತಿಗೆ ನೇತುಹಾಕಿದ ಒದ್ದೆ ಪಂಚೆಯ ಹಾಗೆ ಜೋತುಬಿದ್ದಿತ್ತು. 1989ರಲ್ಲಿ ಉತ್ತರ ಅಮೆರಿಕದ ಏಳು ಭೂಗೋಳ ಸಂಘಟನೆಗಳು ಸೇರಿ, ಪ್ರಪಂಚವನ್ನು ಆಯತದಲ್ಲಿ ತೋರಿಸುವ ಯಾವ ನಕ್ಷೆಯೂ ಸಾಮಾನ್ಯ ಬಳಕೆಗೆ ಬೇಡ ಅಂತ ಕೇಳಿಕೊಂಡವು. ಮರ್ಕೇಟರ್ ಬೇಡ, ಪೀಟರ್ಸೂ ಬೇಡ. ನ್ಯಾಷನಲ್ ಜಿಯೊಗ್ರಾಫಿಕ್ ಸೊಸೈಟಿ 1988ರಲ್ಲಿ ಅಂಚು ಬಾಗಿದ ರಾಬಿನ್ಸನ್ ನಕ್ಷೆಗೆ, 1998ರಲ್ಲಿ ಅಂಚು ಬಾಗಿದ ಇನ್ನೊಂದಾದ ವಿಂಕೆಲ್ ಟ್ರಿಪೆಲ್ ನಕ್ಷೆಗೆ ಹೋಯಿತು.

2017ರಲ್ಲಿ ಅಮೆರಿಕದ ಬಾಸ್ಟನ್ ನಗರದ ಸರ್ಕಾರಿ ಶಾಲೆಗಳು ಪೀಟರ್ಸ್ ನಕ್ಷೆ ತಂದಾಗ ಜಗಳ ಮತ್ತೆ ಎದ್ದಿತು. ಆ ಸುದ್ದಿ ನೋಡಿ ಬೋಯನ್ ಶಾವ್ರಿಚ್, ಟಾಮ್ ಪ್ಯಾಟರ್ಸನ್, ಬರ್ನ್‌ಹಾರ್ಡ್ ಜೆನಿ ಎಂಬ ಮೂವರು ಕೂತು 2018ರಲ್ಲಿ ಈಕ್ವಲ್ ಅರ್ಥ್ ಮಾಡಿದರು. ಅಂಚುಗಳು ಬಾಗಿವೆ, ವಿಸ್ತೀರ್ಣ ಪೂರ್ತಿ ಸರಿ, ಆಕಾರ ಕಣ್ಣಿಗೆ ಹಿತ. ಈಗ ಆಫ್ರಿಕನ್ ಒಕ್ಕೂಟ ಕೇಳುತ್ತಿರುವುದು ಇದನ್ನೇ. ಮಗುವಿಗೆ ಪ್ರಪಂಚ ತೋರಿಸೋಕೆ ಇದಕ್ಕಿಂತ ಒಳ್ಳೆಯದು ಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಪಕ್ಕದಲ್ಲಿ ಒಂದು ಗ್ಲೋಬ್ ಇದ್ದರೆ ಸಾಕು.

ಹಾಗಂತ ಮರ್ಕೇಟರ್ ಅನ್ನು ಎಲ್ಲ ಕಡೆಯಿಂದ ಓಡಿಸಬೇಕಾ? ಅಲ್ಲಿ ನನ್ನ ತಕರಾರಿದೆ. ನಿಮ್ಮ ಜೇಬಿನಲ್ಲಿರುವ ಫೋನ್ ನೋಡಿ. 2005ರಲ್ಲಿ ಬಂದ ಗೂಗಲ್ ಮ್ಯಾಪ್ಸ್ ಮೊದಮೊದಲು ಬೇರೆ ಪದ್ಧತಿ ಬಳಸಿತ್ತು. ಆಗ ಸ್ಟಾಕ್‌ಹೋಮ್‌ನಂಥ ಉತ್ತರದ ಊರುಗಳಲ್ಲಿ ನೆಟ್ಟಗೆ ಕೂಡಬೇಕಾದ ಎರಡು ರಸ್ತೆ ಓರೆಯಾಗಿ ಕೂಡುತ್ತಿದ್ದವು. ಆಮೇಲೆ ಮರ್ಕೇಟರ್‌ಗೆ ಬಂದರು. ಹಡಗಿನವನಿಗೆ ಕೋನ ಎಷ್ಟು ಮುಖ್ಯವೋ ಮಲ್ಲೇಶ್ವರದ ಕ್ರಾಸ್ ಹುಡುಕುವ ಡೆಲಿವರಿ ಹುಡುಗನಿಗೂ ಅಷ್ಟೇ ಮುಖ್ಯ. ಎಡಕ್ಕೆ ತೊಂಬತ್ತು ಡಿಗ್ರಿ ತಿರುಗು ಅಂದರೆ ರಸ್ತೆಯೂ ಹಾಗೇ ತಿರುಗಬೇಕು. ಈ ವೆಬ್ ಮರ್ಕೇಟರ್ ಪದ್ಧತಿಯಲ್ಲಿ ಪ್ರಪಂಚವನ್ನು ಉತ್ತರ–ದಕ್ಷಿಣ ಎರಡೂ ಕಡೆ 85.05 ಡಿಗ್ರಿಗೆ ಕತ್ತರಿಸಿಬಿಡುತ್ತಾರೆ. ಆಗ ಅದು ಸರಿಯಾದ ಚೌಕವಾಗುತ್ತದೆ. ಆ ಚೌಕವನ್ನು ನಾಲ್ಕು ಮಾಡಿ, ಪ್ರತಿಯೊಂದನ್ನೂ ಮತ್ತೆ ನಾಲ್ಕು ಮಾಡಿ, ಹಂತ ಹಂತವಾಗಿ ನಿಮ್ಮ ಬೀದಿಯವರೆಗೂ ಬರುತ್ತಾರೆ. ಕಂಪ್ಯೂಟರಿಗೆ ಇದಕ್ಕಿಂತ ಸುಲಭ ಇನ್ನೊಂದಿಲ್ಲ. ಪೂರ್ತಿ ಹಿಂದೆ ಸರಿದು ನೋಡಿದಾಗ ಆಗುತ್ತಿದ್ದ ಮೋಸವನ್ನು ತಪ್ಪಿಸೋಕೆ 2018ರಲ್ಲಿ ಗೂಗಲ್ ಕಂಪ್ಯೂಟರಿನ ನಕ್ಷೆಯಲ್ಲಿ ಗ್ಲೋಬ್ ತಂದಿತು. ಹತ್ತಿರ ಬಂದರೆ ಮರ್ಕೇಟರ್, ದೂರ ಹೋದರೆ ಗೋಳ. ಇದು ನನಗೆ ತುಂಬಾ ಹಿಡಿಸಿದ ಪರಿಹಾರ.

ಹತ್ತಿರದಲ್ಲೂ ಎಚ್ಚರ ಬೇಕು, ಅದನ್ನು ನಾನು ಕೆಟ್ಟ ಅನುಭವದಿಂದ ಕಲಿತೆ. ನೆಂಟರೊಬ್ಬರ ತೆಂಗಿನ ತೋಟ, ದೇವನಹಳ್ಳಿ ಕಡೆ. ಪಹಣಿಯಲ್ಲಿ ಒಂದು ಎಕರೆ, ಅಂದರೆ 40 ಗುಂಟೆ. ಉಪಗ್ರಹ ಚಿತ್ರದ ಮೇಲೆ ಬೇಲಿಯ ಗೆರೆ ಎಳೆದು ಸಾಫ್ಟ್‌ವೇರಿನಲ್ಲಿ ಅಳೆದೆ. 42 ಗುಂಟೆ ಚಿಲ್ಲರೆ ಬಂತು. "ನೋಡಿದ್ಯಾ, ಪಕ್ಕದವನು ಒತ್ತುವರಿ ಮಾಡಿಲ್ಲ, ನಮ್ದೇ ಜಾಸ್ತಿ ಇದೆ" ಅಂತ ಅವರು ಖುಷಿಪಟ್ಟರು. ನಾನೂ ಖುಷಿಪಟ್ಟೆ. ಆಮೇಲೆ ಗೊತ್ತಾಯಿತು, ಅಳತೆಯನ್ನು ನಾನು ವೆಬ್ ಮರ್ಕೇಟರ್‌ನಲ್ಲೇ ಮಾಡಿದ್ದೆ. ನಮ್ಮ 13 ಡಿಗ್ರಿ ಅಕ್ಷಾಂಶದಲ್ಲೇ ಎಕರೆಗೆ ಎರಡು ಗುಂಟೆಗೂ ಜಾಸ್ತಿ ಉಬ್ಬುತ್ತದೆ. ಬೀದರ್‌ನಲ್ಲಿ ಹೀಗೇ ಅಳೆದರೆ ನಾಲ್ಕು ಗುಂಟೆಗೂ ಜಾಸ್ತಿ. ಗ್ರೀನ್‌ಲ್ಯಾಂಡಿಗೆ ಆಗಿದ್ದೇ ತೆಂಗಿನ ತೋಟಕ್ಕೂ ಆಗಿತ್ತು, ಸ್ವಲ್ಪ ಪ್ರಮಾಣದಲ್ಲಿ. ನೆಂಟರಿಗೆ ಫೋನ್ ಮಾಡಿ ಹೇಳಿದಾಗ ಅವರ ದನಿ ಇಳಿದದ್ದು ಇನ್ನೂ ನೆನಪಿದೆ. ಈ ಪದ್ಧತಿಯನ್ನು ಸಾಫ್ಟ್‌ವೇರಿನವರು 3857 ಅನ್ನುವ ನಂಬರಿನಿಂದ ಗುರುತಿಸುತ್ತಾರೆ. ಜಮೀನು ಅಳೆಯುವವರು ಆ ನಂಬರು ಕಂಡರೆ ಮೊದಲು ಬದಲಿಸಿಕೊಳ್ಳಿ.

ಬದಲಿಸಿಕೊಳ್ಳುವುದು ಯಾವುದಕ್ಕೆ? ಅದರಲ್ಲೂ ಮರ್ಕೇಟರ್ ಹೆಸರೇ ಇದೆ. ಯೂನಿವರ್ಸಲ್ ಟ್ರಾನ್ಸ್‌ವರ್ಸ್ ಮರ್ಕೇಟರ್, ಚಿಕ್ಕದಾಗಿ ಯುಟಿಎಂ. ಮರ್ಕೇಟರ್‌ನ ಉಪಾಯವನ್ನೇ ಅಡ್ಡ ಮಲಗಿಸಿದ್ದು, 1772ರಲ್ಲಿ ಲ್ಯಾಂಬರ್ಟ್ ಎಂಬ ಗಣಿತಜ್ಞ ಮಾಡಿದ್ದು. ಭೂಮಿಯನ್ನು 6 ಡಿಗ್ರಿ ಅಗಲದ ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಗೂ ಬೇರೆ ನಕ್ಷೆ. ಪಟ್ಟಿ ಸಣ್ಣದಾದ್ದರಿಂದ ಉದ್ದದ ತಪ್ಪು ಸಾವಿರಕ್ಕೆ ಒಂದನ್ನು ಮೀರುವುದಿಲ್ಲ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸರ್ವೆ ಆಫ್ ಇಂಡಿಯಾ ಸಾರ್ವಜನಿಕರಿಗೆ ಕೊಡುವ ನಕ್ಷೆಗಳು ಇದರಲ್ಲೇ ಇವೆ. 43ನೇ ಪಟ್ಟಿಗೂ 44ನೇ ಪಟ್ಟಿಗೂ ಗಡಿಯಾದ 78 ಡಿಗ್ರಿ ರೇಖಾಂಶ ಬೆಂಗಳೂರು ಮತ್ತು ಕೋಲಾರ ಪಟ್ಟಣದ ನಡುವೆ ಹಾದುಹೋಗುತ್ತದೆ. ಬೆಂಗಳೂರಿನಲ್ಲಿ ಹೊಂದಿಸಿಕೊಂಡ ಯಂತ್ರ ಹಿಡಿದು ಕೋಲಾರಕ್ಕೆ ಹೋದ ಸರ್ವೆಯರ್ ಪಟ್ಟಿ ಬದಲಿಸಲು ಮರೆತರೆ ಅಂಕಿಗಳು ತಾಳೆಯಾಗುವುದಿಲ್ಲ.

ನೇರ ಗೆರೆಯ ಮಾತಿಗೆ ಒಮ್ಮೆ ಹಿಂದಿರುಗುತ್ತೇನೆ. ಮರ್ಕೇಟರ್ ನಕ್ಷೆಯ ನೇರ ಗೆರೆ ದಿಕ್ಕು ತಪ್ಪದ ದಾರಿ, ಹತ್ತಿರದ ದಾರಿ ಅಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು, ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳೇ ಇದ್ದದ್ದು, ಸ್ಯಾನ್ ಫ್ರಾನ್ಸಿಸ್ಕೊದಿಂದ ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂತು. ಎರಡೂ ಊರಿನ ನಡುವೆ ನೇರ ದೂರವೇ ಸುಮಾರು 14,000 ಕಿ.ಮೀ. ಅವರು ಬಂದದ್ದು ಉತ್ತರ ಧ್ರುವದ ಮೇಲಿನಿಂದ. ನಮ್ಮ ಶಾಲೆಯ ಗೋಡೆಯ ಭೂಪಟದಲ್ಲಿ ಆ ದಾರಿ ಬರೆಯಲು ಹೋದರೆ ಪೆನ್ಸಿಲ್ ಕಾಗದದ ಮೇಲಂಚು ದಾಟಿ ಗೋಡೆಗೆ ಹೋಗುತ್ತದೆ.

ಹಾಗಾಗಿ ಅಭಿಯಾನದವರು ಕೇಳುತ್ತಿರುವ ಜಾಗಗಳಲ್ಲಿ, ಅಂದರೆ ಪಠ್ಯಪುಸ್ತಕ, ಶಾಲೆಯ ಗೋಡೆ, ಟಿವಿ ಸ್ಟುಡಿಯೊ, ಸಂಸ್ಥೆಗಳ ವರದಿಗಳಲ್ಲಿ, ಮರ್ಕೇಟರ್‌ಗೆ ಕೆಲಸವೇ ಇಲ್ಲ. ಅಲ್ಲಿ ಯಾರೂ ಹಡಗು ನಡೆಸುತ್ತಿಲ್ಲ. ಹೀಗೆ ಬದಲಿಸಿದರೆ ಜನರ ಮನಸ್ಸು ಬದಲಾಗುತ್ತಾ ಅನ್ನೋದರ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಅದು ಸಾಬೀತಾಗುವವರೆಗೆ ಕಾಯಬೇಕು ಅಂತ ನನಗೆ ಅನ್ನಿಸುವುದಿಲ್ಲ. ಮಕ್ಕಳಿಗೆ ಹೇಳಿಕೊಡುವ ಅಳತೆ ಸರಿ ಇರಬೇಕು ಅನ್ನೋದಕ್ಕೆ ಬೇರೆ ಕಾರಣ ಯಾಕೆ? ನಮ್ಮ ಶಾಲೆಗಳೂ ಆಫ್ರಿಕಾದವರ ಜೊತೆ ದನಿಗೂಡಿಸಬೇಕು. ನಾವೂ ಆ ನಕ್ಷೆಯಲ್ಲಿ ಉಬ್ಬದೇ ಉಳಿದವರು ತಾನೆ.

ಮರ್ಕೇಟರ್ 1594ರ ಡಿಸೆಂಬರ್ 2ರಂದು ಡ್ಯೂಸ್‌ಬರ್ಗ್‌ನಲ್ಲೇ ತೀರಿಕೊಂಡ. ಅವನು ಬರೆದಿಟ್ಟ ನಕ್ಷೆಗಳನ್ನು ಮಗ ರುಮೊಲ್ಡ್ ಮರುವರ್ಷ ಪುಸ್ತಕವಾಗಿ ತಂದ. ನಕ್ಷೆಗಳ ಪುಸ್ತಕಕ್ಕೆ 'ಅಟ್ಲಾಸ್' ಅನ್ನುವ ಹೆಸರು ಬಂದದ್ದು ಅಲ್ಲಿಂದಲೇ. ಆಕಾಶವನ್ನು ಹೆಗಲ ಮೇಲೆ ಹೊತ್ತ ಗ್ರೀಕ್ ಕಥೆಯ ಅಟ್ಲಾಸ್ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಮರ್ಕೇಟರ್ ಮುನ್ನುಡಿಯಲ್ಲಿ ಹೆಸರಿಸಿದ್ದು ಬೇರೆ ಅಟ್ಲಾಸ್‌ನನ್ನು. ಗಣಿತ ಮತ್ತು ಖಗೋಳ ಬಲ್ಲವನು ಅಂತ ಹೇಳುವ, ಮೊರೇಟಾನಿಯಾದ ಪುರಾಣಪ್ರಸಿದ್ಧ ರಾಜ ಅವನು. ಮೊರೇಟಾನಿಯಾ ಅಂದರೆ ಈಗಿನ ಮೊರಾಕೊ, ಅಲ್ಜೀರಿಯಾದ ಕಡೆಯ ನಾಡು. ನಮ್ಮ ಮಕ್ಕಳ ಸ್ಕೂಲ್ ಬ್ಯಾಗಿನಲ್ಲಿರುವ ಅಟ್ಲಾಸ್‌ಗೆ ಇರುವುದು ಆ ಆಫ್ರಿಕಾದ ರಾಜನ ಹೆಸರು.